ಮೂವತ್ತು ನಲವತ್ತರಲ್ಲಿ ನಾಲ್ಕು ಪಟ್ಟಿ

2024ರ ಜೂನ್ ಮೊದಲ ವಾರ. ಬೆಂಗಳೂರಿನಿಂದ ಬಂದ ದಂಪತಿ ಮೈಸೂರಿನ ನನ್ನ ಆಫೀಸಿನಲ್ಲಿ ಕೂತು, ಪ್ಲಾಸ್ಟಿಕ್ ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಟೈಪ್ ಮಾಡಿಸಿದ ಪಟ್ಟಿ. ಮೇಲೆ ದಪ್ಪಕ್ಷರದಲ್ಲಿ ‘ಹೊಸ ಮನೆಯಲ್ಲಿ ಇರಲೇಬೇಕಾದವು’ ಅಂತಿತ್ತು. ಎಣಿಸಿದೆ, 23. ಎರಡು ಮಹಡಿ ಎತ್ತರಕ್ಕೆ ತೆರೆದ ಡಬಲ್ ಹೈಟ್ ಹಾಲ್, ಎರಡು ಕಾರು ನಿಲ್ಲುವ ಪೋರ್ಟಿಕೊ, ತೇಗದ ಬಾಗಿಲು, ಪ್ರತಿ ಕೋಣೆಗೂ ಅಟ್ಯಾಚ್ಡ್ ಬಾತ್‌ರೂಮ್, ಓಪನ್ ಕಿಚನ್, ಗಂಟೆ ತೂಗುವ ಬಾಗಿಲಿನ ದೇವರ ಮನೆ, ತಾರಸಿಯಲ್ಲಿ ತೋಟ, ಮುಂದೆ ಲಿಫ್ಟ್ ಹಾಕಿಸುವುದಾದರೆ ಅದಕ್ಕೊಂದು ಜಾಗ. ಸೈಟು ಮಾತ್ರ 30 × 40 ಅಡಿ.

“ಇದು ಯಾರ ಪಟ್ಟಿ?” ಅಂದೆ.

“ನಮ್ಮನೆಯವರೆಲ್ಲರದೂ ಸಾರ್,” ಅಂದರು ಯಜಮಾನರು. ಪಕ್ಕದಲ್ಲಿ ಅವರ ಹೆಂಡತಿ ಆ ಹಾಳೆಯನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ಓದುತ್ತಿದ್ದರು.

ಮನೆ ನಕ್ಷೆ ಬರೆದು, ನಿಂತು ಕಟ್ಟಿಸುವುದು ನನ್ನ ಕಸುಬು. ಇಪ್ಪತ್ತು ವರ್ಷ ದಾಟಿತು. ಈ ಒಂದು ಮನೆಯ ಕತೆಯನ್ನು ಪೂರ್ತಿ ಬರೆದಿಡಬೇಕು ಅನ್ನಿಸಿದ್ದು, ‘ಇರಲೇಬೇಕು’ ಅನ್ನುವ ಮಾತಿಗೆ ಅಡಿಗಳ ಲೆಕ್ಕದಲ್ಲಿ ಎಷ್ಟು ಬೆಲೆ ಅಂತ ಈ ಕುಟುಂಬ ಕೂತು ಚೌಕಾಸಿ ಮಾಡಿತು ಅನ್ನುವ ಕಾರಣಕ್ಕೆ. ದುಡ್ಡಿನ ಚೌಕಾಸಿ ಎಲ್ಲರೂ ಮಾಡುತ್ತಾರೆ. ದುಡ್ಡು ಕಮ್ಮಿ ಬಿದ್ದರೆ ಬ್ಯಾಂಕಿನವರು ಕೊಡುತ್ತಾರೆ. ಅಡಿ ಕಮ್ಮಿ ಬಿದ್ದರೆ ಯಾರೂ ಕೊಡುವುದಿಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಹತ್ತದಂತೆ.

ಮನೆಯಲ್ಲಿ ನಾಲ್ಕು ಜನ. ಯಜಮಾನರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮನೆಯಾಕೆ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಟೀಚರ್, ಆ ವರ್ಷದ ಕೊನೆಗೆ ಕೆಲಸ ಬಿಡುವುದೆಂದು ತೀರ್ಮಾನಿಸಿದ್ದರು. ಮಗಳಿಗೆ ಇಪ್ಪತ್ತಾರು, ಸಾಫ್ಟ್‌ವೇರ್ ಕಂಪನಿ, ವಾರದಲ್ಲಿ ಬಹುಪಾಲು ಮನೆಯಿಂದಲೇ ಕೆಲಸ. ಜೊತೆಗೆ ಎಂಬತ್ತೊಂದರ ಅಜ್ಜಿ, ಯಜಮಾನರ ತಾಯಿ. ಹತ್ತೊಂಬತ್ತು ವರ್ಷ ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿದ್ದವರು. ಮೈಸೂರಿನ ರಿಂಗ್ ರೋಡಿನ ಆಚೆ ಬಹಳ ಹಿಂದೆಯೇ ಕೊಂಡಿದ್ದ ಸೈಟು, ಪಶ್ಚಿಮಕ್ಕೆ ರಸ್ತೆ. ಪಶ್ಚಿಮ ಮುಖ ಅಂತಲೇ ಅಗ್ಗಕ್ಕೆ ಸಿಕ್ಕಿತ್ತಂತೆ. ಕೈಯಲ್ಲಿದ್ದ ಹಣ 35 ಲಕ್ಷ. ಆಗ ನಾನು ಹೇಳುತ್ತಿದ್ದ ದರ ಚದರಕ್ಕೆ 2.4 ಲಕ್ಷ, ಅಂದರೆ ಕೆಳಗೂ ಮೇಲೂ ಸೇರಿ ಹದಿನಾಲ್ಕು ಚದರ ಕಟ್ಟಬಹುದು. ನಮ್ಮ ಕಡೆ ಚದರ ಅಂದರೆ ನೂರು ಚದರ ಅಡಿ.

ಟೈಪ್ ಮಾಡಿದ ಹಾಳೆಯನ್ನು ವಾಪಸ್ ಕೊಟ್ಟು ಎರಡು ಕೆಲಸ ಹೇಳಿದೆ. ನಾಲ್ಕು ಜನವೂ ಒಬ್ಬರದನ್ನೊಬ್ಬರು ನೋಡದೆ ಬೇರೆ ಬೇರೆ ಪಟ್ಟಿ ಬರೆಯಬೇಕು. ಆಮೇಲೆ ಏಳು ದಿನ, ಈಗಿನ ಮನೆಯಲ್ಲಿ ಯಾರು ಯಾವ ಹೊತ್ತಿನಲ್ಲಿ ಎಲ್ಲಿ ಕೂತಿರುತ್ತಾರೆ ಅಂತ ಗಂಟೆಗೊಮ್ಮೆ ಗುರುತು ಹಾಕಬೇಕು. ಹೆಚ್ಚಿನವರು ಎರಡನೆಯದನ್ನು ಮಾಡುವುದಿಲ್ಲ, ನಗುತ್ತಾರೆ. ಇವರ ಮನೆಯಲ್ಲಿ ಮಗಳು ಮಾಡಿದಳು, ಎಕ್ಸೆಲ್‌ನಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಟ್ಟು.

ಬಣ್ಣ ಹೇಳಿದ್ದು ಇಷ್ಟು. ಹಾಲಿನ ಸೋಫಾ ಬೆಳಿಗ್ಗೆ ಪೇಪರ್ ಓದುವ ಹೊತ್ತಿನಲ್ಲಿ ಒಂದು ಗಂಟೆ, ರಾತ್ರಿ ವಾರ್ತೆಯ ಹೊತ್ತಿನಲ್ಲಿ ಒಂದು ಗಂಟೆ ತುಂಬಿರುತ್ತಿತ್ತು. ಏಳು ದಿನದಲ್ಲಿ ಮನೆಗೆ ಬಂದ ಅತಿಥಿಗಳು ಎರಡು ಸಲ, ಅವರಲ್ಲೊಬ್ಬರು ಮದುವೆ ಕರೆಯಲು ಬಂದು ನಿಂತಕಾಲಲ್ಲೇ ಹೋದವರು. ಊಟದ ಮೇಜು ಮಾತ್ರ ದಿನಕ್ಕೆ ಒಂಬತ್ತು ಗಂಟೆ ಬಿಡುವಿಲ್ಲ: ಮಗಳ ಲ್ಯಾಪ್‌ಟಾಪ್, ಅಮ್ಮನ ಪೇಪರ್ ತಿದ್ದುವಿಕೆ, ಹೆಚ್ಚುವ ತರಕಾರಿ. ಇನ್ನು ಅಜ್ಜಿಯ ಬಣ್ಣ, ದಿನಕ್ಕೆ ಆರು ಗಂಟೆ, ಬಾಲ್ಕನಿಯಲ್ಲಿ.

“ಅಮ್ಮ ಬಾಲ್ಕನೀಲಿ ಕೂತ್ಕೋತಾರೆ ಅಂತ ಗೊತ್ತಿತ್ತು. ಆರು ಗಂಟೆ ಅಂತ ಗೊತ್ತಿರ್ಲಿಲ್ಲ,” ಅಂದರು ಯಜಮಾನರು. ಅಲ್ಲಿಂದ ಕಾಣುವುದು ಎದುರಿನ ಬ್ಲಾಕಿನ ಬಾಲ್ಕನಿಗಳು ಮಾತ್ರ. ಆದರೂ ಯಾರ ಮನೆಯ ಕೆಲಸದವಳು ತಡವಾಗಿ ಬಂದಳು, ಯಾರ ಮಗ ಗಡ್ಡ ಬಿಟ್ಟ, ಎಲ್ಲದರ ವರದಿ ಅಜ್ಜಿಯ ಹತ್ತಿರ ಇತ್ತು.

ಪಟ್ಟಿಗಳ ವಿಷಯಕ್ಕೆ ಬಂದರೆ, ಯಜಮಾನರದು ಹೆಚ್ಚುಕಡಿಮೆ ಹಳೆಯದೇ, 23 ಹೋಗಿ 21 ಆಗಿತ್ತು. ಮನೆಯಾಕೆಯದು ನೋಟ್‌ಬುಕ್ಕಿನ ಎರಡು ಪುಟ, ಮೊದಲ ಸಾಲಿನಲ್ಲಿ ‘ನೀರು’ ಎಂದು ಬರೆದು ಕೆಳಗೆ ಎರಡು ಗೆರೆ. ‘ಅಡುಗೆಮನೆಗೆ ಬಾಗಿಲು ಇರಲೇಬೇಕು, ಒಗ್ಗರಣೆ ಘಾಟು ಹಾಲಿಗೆ ಬರಕೂಡದು’ ಅನ್ನುವುದು ಎರಡನೆಯ ಸಾಲು. ಗಂಡ ಬರೆದ ಓಪನ್ ಕಿಚನ್ನಿಗೆ ಅದೇ ಉತ್ತರ. ಮಗಳದು ಎರಡೇ: ಮುಚ್ಚಿಕೊಳ್ಳಲು ಬಾಗಿಲಿರುವ ಒಂದು ಕೋಣೆ, ಮೇಜಿನ ಎತ್ತರದಲ್ಲಿ ಪ್ಲಗ್ ಪಾಯಿಂಟು. ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಬರೆದುಕೊಂಡಿದ್ದಳು:

“ಬೀದಿ ಕಾಣ್ಬೇಕು. ಬಚ್ಚಲಿಗೆ ಹೊಸ್ಲು ಬೇಡ. ನನ್ನ ಮೆಟ್ಲು ಹತ್ತಿಸ್ಬೇಡಿ.”

ಅಡಿಗಳ ಲೆಕ್ಕ

ನಾಲ್ಕು ಪಟ್ಟಿಯನ್ನೂ ಮೇಜಿನ ಮೇಲೆ ಹರಡಿ, ಗ್ರಾಫ್ ಹಾಳೆಯಲ್ಲಿ ಸೈಟು ಬರೆದೆ. 30 × 40 ಅಂದರೆ 1,200 ಚದರ ಅಡಿ. ಎಡಕ್ಕೂ ಬಲಕ್ಕೂ ಮೂರು ಮೂರು ಅಡಿ, ಮುಂದೆ ಐದು, ಹಿಂದೆ ನಾಲ್ಕು ಬಿಟ್ಟರೆ ಉಳಿದದ್ದು 24 × 31, ಅಂದರೆ 744. ಹೊರಗೋಡೆ, ಒಳಗೋಡೆ ಎಲ್ಲ ಸೇರಿ ಗೋಡೆಗಳೇ ತಿನ್ನುವುದು ಸುಮಾರು 110. ಜನಕ್ಕೆ ಈ ಲೆಕ್ಕ ನಂಬಲು ಆಗುವುದಿಲ್ಲ, ಗೋಡೆಯೂ ಜಾಗ ತಿನ್ನುತ್ತದೆ ಅಂತ ಯಾರೂ ಯೋಚಿಸಿರುವುದಿಲ್ಲ. ಮೆಟ್ಟಿಲಿಗೆ ಏಳೂವರೆ ಅಡಿ ಅಗಲ, ಹತ್ತಡಿ ಉದ್ದ, 75 ಹೋಯಿತು. ಉಳಿದದ್ದು 559.

ಇನ್ನು ಕಾರು. ಮುಂದೆ ಬಿಟ್ಟ ಐದಡಿಯನ್ನು ಬಳಸಿಕೊಂಡರೂ ಒಂದು ಕಾರು ಮನೆಯೊಳಗಿನಿಂದ 10 × 11, ಅಂದರೆ 110 ಚದರ ಅಡಿ ಕೇಳುತ್ತದೆ. ಎರಡು ಕಾರಿಗೆ 220. ಅಲ್ಲಿಗೆ 559ರಲ್ಲಿ 339 ಉಳಿಯಿತು. ಅಜ್ಜಿಯ ಕೋಣೆ 10 × 12, ಅವರ ಬಚ್ಚಲು 6 × 8, ಅಡುಗೆಮನೆ 8 × 11, ಮೂರೂ ಸೇರಿ 256. ಹಾಲಿಗೆ, ದೇವರಿಗೆ, ಓಡಾಟಕ್ಕೆ ಉಳಿದದ್ದು 83 ಚದರ ಅಡಿ. ಒಂಬತ್ತಕ್ಕೆ ಒಂಬತ್ತು. ಸೋಫಾ ಒಳಗೆ ಬಂದರೆ ಮನುಷ್ಯರು ಹೊರಗೆ.

“ಈಗ ನಿಮ್ಮ ಹತ್ತಿರ ಕಾರು ಎಷ್ಟಿದೆ?” ಕೇಳಿದೆ.

“ಒಂದೇ.”

“ಎರಡನೇದು?”

ಯಜಮಾನರು ಮಗಳ ಕಡೆ ನೋಡಿದರು. ಮಗಳು ಕಿಟಕಿಯ ಕಡೆ ನೋಡಿದಳು. ಅದು ಅಳಿಯನ ಕಾರು. ಅಳಿಯ ಇನ್ನೂ ಗೊತ್ತಾಗಿರಲಿಲ್ಲ, ಆದರೆ ಅವನ ಕಾರಿಗೆ 110 ಚದರ ಅಡಿ ಆಗಲೇ ಗೊತ್ತಾಗಿತ್ತು. ಮನೆಯಾಕೆ ನಗು ತಡೆಯಲಾರದೆ, “ಅವ್ರು ಬಂದ ದಿನ ರೋಡಲ್ಲಿ ನಿಲ್ಲಿಸ್ಲಿ ಬಿಡಿ,” ಅಂದರು. ಯಜಮಾನರ ಪಟ್ಟಿಯಿಂದ ಮೊದಲು ಬಿದ್ದದ್ದು ಇದು.

ಡಬಲ್ ಹೈಟ್ ಬಿದ್ದದ್ದೂ ಅದೇ ಲೆಕ್ಕದಲ್ಲಿ. ಕೆಳಗಿನ ಹಾಲು 12 × 13. ಅದರ ಮೇಲೆ ಸ್ಲಾಬ್ ಹಾಕದೆ ಬಿಟ್ಟರೆ ಮೇಲಿನ ಮಹಡಿಯಲ್ಲಿ 156 ಚದರ ಅಡಿ ಗಾಳಿ. ಮಗಳಿಗೆ ಬೇಕಾಗಿದ್ದ ಕೋಣೆ 10 × 13, ಅಂದರೆ 130. ಪೆನ್ಸಿಲಿನಿಂದ ಹಾಲಿನ ಮೇಲೆ ಅವಳ ಕೋಣೆ ಬರೆದು ತೋರಿಸಿದೆ. “ಎರಡರಲ್ಲಿ ಒಂದು ಸಾರ್. ಇಲ್ಲಿ ಮಗಳಿರಬೇಕೋ, ತೂಗುದೀಪ ಇರಬೇಕೋ.” ಸ್ವಲ್ಪ ಒರಟಾಯಿತೇನೋ. ಆದರೆ ಡಬಲ್ ಹೈಟ್ ಹಾಲು ಕಟ್ಟಿಸಿಕೊಂಡವರು ಮೂರನೇ ವರ್ಷಕ್ಕೆ ಬಂದು, ಸಾರ್ ಅದನ್ನ ಮುಚ್ಚಿಸಿ ಒಂದು ರೂಮ್ ಮಾಡ್ಬಹುದಾ ಅಂತ ಕೇಳುವುದನ್ನು ನೋಡಿದ್ದೇನೆ. ಫ್ಯಾನಿನ ಧೂಳು ಒರೆಸಲು ಏಣಿ ಬಾಡಿಗೆಗೆ ತರುವುದನ್ನೂ.

ದೇವರ ಮನೆಗೆ ಹೆಚ್ಚು ವಾದ ಆಗಲಿಲ್ಲ. ಹಾಲಿನ ಈಶಾನ್ಯದ ಗೋಡೆಯಲ್ಲಿ ನಾಲ್ಕಡಿ ಅಗಲ, ಎರಡಡಿ ಆಳದ ಗೂಡು, ಅದಕ್ಕೇ ಗಂಟೆಯ ಬಾಗಿಲು. ಯಜಮಾನರಿಗೆ ಬೇಕಾಗಿದ್ದದ್ದು ಗಂಟೆಯ ಸದ್ದು, ಅದು ಸಿಕ್ಕಿತು. ಲಿಫ್ಟನ್ನು ಕೈಬಿಟ್ಟೆವು, ಅಜ್ಜಿ ಮೇಲೆ ಹತ್ತುವುದೇ ಇಲ್ಲ ಅಂದಮೇಲೆ ಲಿಫ್ಟು ಯಾರಿಗೆ. ಕೋಣೆಗೊಂದು ಅಟ್ಯಾಚ್ಡ್ ಮಾತ್ರ ಉಳಿಯಿತು. ಮೆಟ್ಟಿಲಿನ ಬಾಯಿಯನ್ನು ಮುಂಬಾಗಿಲಿನ ಪಕ್ಕಕ್ಕೇ ಇಟ್ಟು ಅಲ್ಲೊಂದು ಬಾಗಿಲು ಕೂರಿಸುವ ಹಾಗೆ ಚೌಕಟ್ಟಿಗೆ ಜಾಗ ಬಿಟ್ಟೆ. ಮುಂದೆ ಮೇಲಿನ ಮನೆ ಬಾಡಿಗೆಗೆ ಕೊಡಬೇಕಾಗಿ ಬಂದರೆ ಗೋಡೆ ಒಡೆಯುವುದು ಬೇಡ.

ಪಶ್ಚಿಮ

ಯಜಮಾನರಿಗೆ ಒಳಗೊಳಗೇ ಚುಚ್ಚುತ್ತಿದ್ದ ವಿಷಯ ಸೈಟಿನ ಮುಖ. ಪಟ್ಟಿಯ ಮೊದಲ ಸಾಲೇ ‘ಪೂರ್ವ ಅಥವಾ ಉತ್ತರ ಮುಖ’. ಈ ಸೈಟು ಮಾರಿ ಪೂರ್ವದ್ದು ಕೊಳ್ಳುವ ಮಾತೂ ನಡೆದಿತ್ತು. ನಾನು ವಾಸ್ತುವಿನ ಪರ ಅಲ್ಲ, ವಿರೋಧಿಯೂ ಅಲ್ಲ. ಮಲಗುವವನಿಗೆ ನಿದ್ದೆ ಬರಬೇಕು, ಅದಕ್ಕೆ ಬೇಕಾದರೆ ಮಂಚ ತಿರುಗಿಸಲಿ ಅನ್ನುವವನು. ಆದರೆ ಇಲ್ಲಿ ವಾಸ್ತುವೇ ನನ್ನ ಪರ ವಾದಿಸಿತು.

ಪೂರ್ವಕ್ಕೆ ರಸ್ತೆ ಇದ್ದಿದ್ದರೆ ಆಗ್ನೇಯದ ಅಡುಗೆಮನೆ ರಸ್ತೆಯ ಬದಿಗೆ ಬರುತ್ತಿತ್ತು. ಹಿರಿಯರ ಕೋಣೆ ನೈಋತ್ಯಕ್ಕೆ, ಅಂದರೆ ಹಿಂದಿನ ಮೂಲೆಗೆ. ಅಜ್ಜಿಗೆ ಕಾಣುತ್ತಿದ್ದದ್ದು ಹಿಂದಿನ ಮನೆಯ ಗೋಡೆ. ಪಶ್ಚಿಮದ ಸೈಟಿನಲ್ಲಿ ಎಲ್ಲ ತಿರುಗುಮುರುಗು. ನೈಋತ್ಯ ಮುಂದಕ್ಕೆ ಬಂದು ಅಜ್ಜಿಯ ಕಿಟಕಿ ರಸ್ತೆಗೆ ತೆರೆಯುತ್ತದೆ, ಆಗ್ನೇಯ ಹಿಂದಕ್ಕೆ ಹೋಗಿ ಅಡುಗೆಮನೆಯ ಬಾಗಿಲು ಹಿಂದಿನ ನಾಲ್ಕಡಿಗೆ ತೆರೆಯುತ್ತದೆ. ಪಾತ್ರೆ ತೊಳೆಯುವ ಕಲ್ಲು, ವಾಷಿಂಗ್ ಮೆಷೀನು, ಒಂದು ಕರಿಬೇವಿನ ಗಿಡ ಅಲ್ಲಿಗೆ. ವಾಸ್ತುವಿನವರು ನಕ್ಷೆ ನೋಡಿ ತಲೆಯಾಡಿಸಿದ ದಿನ ಯಜಮಾನರ ಮುಖದಲ್ಲಿ ಹತ್ತೊಂಬತ್ತು ವರ್ಷದ ಭಾರ ಇಳಿದಂತಿತ್ತು.

ಪಶ್ಚಿಮದ ನಿಜವಾದ ತೊಂದರೆ ಬಿಸಿಲು, ಅದನ್ನು ಮುಚ್ಚಿಡಲಿಲ್ಲ. ಮಧ್ಯಾಹ್ನ ಮೂರರಿಂದ ಆರರವರೆಗೆ ಸೂರ್ಯ ಕೆಳಗಿಳಿದು ನೇರ ಕಿಟಕಿಯೊಳಗೆ ಬರುತ್ತಾನೆ. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಸಾಕು, ಪಶ್ಚಿಮಕ್ಕೆ ಸಜ್ಜಾ ಕೆಲಸಕ್ಕೆ ಬಾರದು, ಓರೆ ಬಿಸಿಲು ಅದರ ಅಡಿಯಿಂದಲೇ ತೂರುತ್ತದೆ. ಅಡ್ಡಕ್ಕಲ್ಲ, ಉದ್ದಕ್ಕೆ ನೆರಳು ಬೇಕು. ಹೊರಗೆ ಸುರುಳಿ ಸುತ್ತುವ ಬಿದಿರಿನ ಪರದೆ ಹಾಕಿಸಿದೆವು. ಗೇಟಿನ ಆಚೆ ಒಂದು ಹೊಂಗೆ ಸಸಿ. ಹೊಂಗೆ ನೆರಳು ಕೊಡಲು ವರ್ಷಗಳು ಬೇಕು, ಅಲ್ಲಿಯವರೆಗೆ ಬಿದಿರು.

ನೀರು

ಮನೆಯಾಕೆ ‘ನೀರು’ ಅಂತ ಎರಡು ಗೆರೆ ಎಳೆದದ್ದು ಸುಮ್ಮನೆ ಅಲ್ಲ. 2024ರ ಬೇಸಿಗೆಯನ್ನು ಬೆಂಗಳೂರಿನ ಹೊರವಲಯದಲ್ಲಿ ಕಳೆದವರಿಗೆ ಆ ಪದವನ್ನು ವಿವರಿಸಬೇಕಿಲ್ಲ. ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಇವರ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಕೈಕೊಟ್ಟು, ಬೆಳಿಗ್ಗೆ ಎರಡು ಗಂಟೆ ಮಾತ್ರ ನಲ್ಲಿಯಲ್ಲಿ ನೀರು. ಮನೆಯಾಕೆ ಶಾಲೆಗೆ ಹೊರಡುವ ಮುಂಚೆ ಹನ್ನೊಂದು ಬಕೆಟ್, ಎರಡು ಡ್ರಮ್ ತುಂಬಿಸಿಟ್ಟು ಹೋಗುತ್ತಿದ್ದರು. ಐದನೇ ಹಂತದ ಕಾವೇರಿ ನೀರು ಬೆಂಗಳೂರಿಗೆ ಬಂದದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಇವರು ಮನಸ್ಸು ಮಾಡಿಬಿಟ್ಟಿದ್ದರು.

“ಮೈಸೂರಲ್ಲೂ ಹಾಗಾದ್ರೆ ಸಾರ್?” ಅಂತ ಕೇಳಿದರು. ಆಗುವುದಿಲ್ಲ ಅನ್ನುವ ಧೈರ್ಯ ನನಗಿಲ್ಲ. ಲೆಕ್ಕ ಹಾಕಿ ತೋರಿಸಿದೆ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಈ ಮನೆಯ ತಾರಸಿ 744 ಚದರ ಅಡಿ, ಅಂದರೆ 69 ಚದರ ಮೀಟರ್. ವರ್ಷಕ್ಕೆ 750 ಮಿ.ಮೀ. ಮಳೆ ಅಂತ ಹಿಡಿದು, ಆವಿಯಾಗುವುದು, ಚೆಲ್ಲುವುದು, ಮೊದಲ ಮಳೆಯ ಕೊಳೆನೀರು ಹೊರಗೆ ಬಿಡುವುದು ಎಲ್ಲಕ್ಕೆ ಐದನೇ ಒಂದು ಭಾಗ ಕಳೆದರೆ ಸುಮಾರು 41,000 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ನಗರದ ನೀರು ಸರಬರಾಜಿಗೆ ಇಟ್ಟುಕೊಂಡಿರುವ ಅಳತೆ. ನಾಲ್ಕು ಜನಕ್ಕೆ 540. ಅಂದರೆ ತಾರಸಿಯ ನೀರೇ ಎಪ್ಪತ್ತೈದು ದಿನಕ್ಕೆ ಬರುತ್ತದೆ. ಆದರೆ ಎಪ್ಪತ್ತೈದು ದಿನದ್ದನ್ನು ಒಟ್ಟಿಗೆ ಹಿಡಿದಿಡುವ ತೊಟ್ಟಿ ಈ ಸೈಟಿನಲ್ಲಿ ಹಿಡಿಸದು. ಒಂದು ಒಳ್ಳೆಯ ಮಳೆಗೆ, 25 ಮಿ.ಮೀ. ಅಂದುಕೊಳ್ಳಿ, 1,400 ಲೀಟರ್ ಬರುತ್ತದೆ. 8 × 6 × 5 ಅಡಿಯ ಸಂಪು ತೋಡಿದರೆ 6,800 ಲೀಟರ್ ಹಿಡಿಯುತ್ತದೆ. ನಲ್ಲಿ ನೀರೂ ಮಳೆ ನೀರೂ ಬೆರೆಯದ ಹಾಗೆ ಮಧ್ಯೆ ಗೋಡೆ ಎಬ್ಬಿಸಿ ಅದನ್ನೇ ಎರಡು ಭಾಗ ಮಾಡಿದೆವು.

ಸಂಪು ಕಾರಿನ ಅಡಿಗೆ. ಅಲ್ಲಿ ಬಿಟ್ಟರೆ ಅಡಿಗಳಿಲ್ಲ. ಕಾರಿನ ಭಾರ ತಡೆಯುವ ಹಾಗೆ ಮುಚ್ಚಳದ ಸ್ಲಾಬಿಗೆ ಕಬ್ಬಿಣ ಜಾಸ್ತಿ ಹಾಕಿ, ಬಾಯಿಯನ್ನು ಗಾಲಿ ಹಾಯದ ಬದಿಗೆ ತಂದೆವು. ಒಳಚರಂಡಿಯ ಚೇಂಬರು ದಕ್ಷಿಣದ ಪಕ್ಕಕ್ಕೆ, ಸಂಪಿನಿಂದ ಸಾಧ್ಯವಾದಷ್ಟು ದೂರ. ಗಾರೆ ಕೆಲಸದ ಮೇಸ್ತ್ರಿ ಅದನ್ನು ಗೇಟಿನ ಹತ್ತಿರ ಮಾಡಿದರೆ ಪೈಪು ಉಳಿಯುತ್ತೆ ಅಂತ ಎರಡು ಸಲ ಹೇಳಿ ನೋಡಿದ. ಉಳಿಯುತ್ತಿದ್ದದ್ದು ಎಂಟಡಿ ಪೈಪು.

ತಾರಸಿಯಲ್ಲೂ ಇದೇ ಜಗಳ, ಚಿಕ್ಕದಾಗಿ. ಸೋಲಾರ್ ವಿದ್ಯುತ್ ಫಲಕ ಕಿಲೋವಾಟಿಗೆ ನೂರು ಚದರ ಅಡಿ ಕೇಳುತ್ತದೆ. ಕೇಂದ್ರ ಸರ್ಕಾರದ ಸೋಲಾರ್ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ ಎರಡು ಕಿಲೋವಾಟಿಗೆ 60,000 ಸಹಾಯಧನ ಇದೆ ಅಂತ ಯಜಮಾನರು ಓದಿಕೊಂಡೇ ಬಂದಿದ್ದರು. ಬಿಸಿನೀರಿನ ಸೋಲಾರು, ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಹಪ್ಪಳ ಸಂಡಿಗೆ. ತೋಟಕ್ಕೆ ಉಳಿದದ್ದು ಪ್ಯಾರಪೆಟ್ ಗೋಡೆಯ ಉದ್ದಕ್ಕೆ ಒಂದು ಸಾಲು ಕುಂಡ.

ಬಚ್ಚಲಿನ ಗೋಡೆ

ಅಜ್ಜಿಯ ಎರಡನೇ ಸಾಲಿಗಾಗಿ ಒಮ್ಮೆ ಬೆಂಗಳೂರಿಗೆ ಹೋದೆ. ಅವರು ದಿನಾ ಬಚ್ಚಲಿಗೆ ಹೋಗುವ ದಾರಿ ನೋಡಬೇಕಿತ್ತು. ಮಂಚದಿಂದ ಎದ್ದರು, ಎಡಗೈ ಬೀರುವಿನ ಅಂಚಿಗೆ, ಮೂರು ಹೆಜ್ಜೆ, ಬಲಗೈ ಬಾಗಿಲ ಚೌಕಟ್ಟಿಗೆ. ಆಮೇಲೆ ಬಚ್ಚಲಿನ ಹೊಸ್ತಿಲು, ನಾಲ್ಕಿಂಚಿನ ಗ್ರಾನೈಟ್ ಪಟ್ಟಿ. ಅಲ್ಲಿ ನಿಂತರು. ಕೈ ಒಳಗಿನ ಗೋಡೆಗೆ ಹೋಯಿತು. ಬಿಳಿ ಟೈಲ್ಸ್ ಸೊಂಟದೆತ್ತರಕ್ಕೆ ಮುಗಿದು ಮೇಲೆ ಬಣ್ಣದ ಗೋಡೆ. ಆ ಬಣ್ಣದ ಮೇಲೆ, ಟೈಲ್ಸಿನ ಗಡಿಗೆ ತಾಗಿ, ಅಂಗೈಯಗಲದ ಒಂದು ಕಂದು ಕಲೆ. ಎಣ್ಣೆಗೈ ವರ್ಷಗಟ್ಟಲೆ ಒಂದೇ ಜಾಗ ಒತ್ತಿದ ಕಲೆ. ಮನೆಗೆ ಬಣ್ಣ ಹೊಡೆಸಿದಾಗಲೆಲ್ಲ ಹೋಗಿ ಮತ್ತೆ ಮೂಡುತ್ತದಂತೆ. ಟೇಪು ಹಿಡಿದು ಅಳೆದೆ. ನೆಲದಿಂದ 31 ಇಂಚು. ಕಮೋಡಿನ ಪಕ್ಕದಲ್ಲಿ ಇನ್ನೊಂದು, 26.

“ಏನಪ್ಪಾ, ಗೋಡೆ ಅಳೀತೀಯ?” ಅಂದರು ಅಜ್ಜಿ.

ಹಿಡಿಕೆಯ ಕಂಬಿಗಳಿಗೆ ಪುಸ್ತಕದಲ್ಲಿ ಅಳತೆ ಇದೆ. ನಾನು ಈ ಎರಡನ್ನೇ ಬರೆದುಕೊಂಡೆ. ಕಂಬಿಗಿಂತ ಮುಖ್ಯವಾದದ್ದು ಕಂಬಿಯ ಹಿಂದಿನ ಗೋಡೆ. ಟೊಳ್ಳು ಬ್ಲಾಕಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ, ಮೈಭಾರ ಬಿದ್ದ ದಿನ ಕಂಬಿ ಕೈಗೇ ಬರುತ್ತದೆ. ಅದಕ್ಕೇ ಆ ಗೋಡೆ ಪೂರ್ತಿ ಗಟ್ಟಿ ಬ್ಲಾಕು.

ಹೊಸ್ತಿಲು ತೆಗೆಯುವುದು ಹೇಳಿದಷ್ಟು ಸುಲಭವಲ್ಲ. ಅದು ಇರುವುದು ನೀರು ಕೋಣೆಗೆ ಬರದಿರಲಿ ಅಂತ. ಹೊಸ್ತಿಲಿಲ್ಲದೆ ನೀರು ತಡೆಯಬೇಕಾದರೆ ಇಳಿಜಾರು ಬಾಗಿಲಿನಿಂದಲೇ ಶುರುವಾಗಬೇಕು. ಎಂಟಡಿಯ ಬಚ್ಚಲಿಗೆ ಒಂದೂವರೆ ಇಂಚು ಇಳಿಜಾರು, ಸ್ನಾನ ಆ ಕೊನೆಗೆ, ನೀರು ಹೋಗುವ ಜಾಲರಿಯೂ ಆ ಕೊನೆಗೆ. ಬಾಗಿಲು ಮೂರಡಿ. ಸಾಮಾನ್ಯವಾಗಿ ಬಚ್ಚಲಿಗೆ ಇಡುವುದು ಎರಡೂವರೆ, ಚೌಕಟ್ಟು ಕಳೆದರೆ ಒಳಗೆ 25 ಇಂಚು ಸಿಗುವುದೂ ಕಷ್ಟ, ಗಾಲಿಕುರ್ಚಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗೆ ಯಾರಾದರೂ ಬಿದ್ದಿದ್ದರೆ ಅವರೇ ಬಾಗಿಲಿಗೆ ಅಡ್ಡವಾಗುತ್ತಾರೆ. ಇದನ್ನು ಹೇಳಿದಾಗ ಮನೆಯಾಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೇಲಿನ ಬಾತ್‌ರೂಮ್‌ಗಳಿಗೂ ಹಾಗೇ ಮಾಡಿ,” ಅಂದರು.

ಅದೇ ದಿನ ಅಟ್ಟದ ಮೇಲೆ ಆರು ತಗಡಿನ ಪೆಟ್ಟಿಗೆ ಕಂಡವು. ದಸರಾ ಗೊಂಬೆ. ಮನೆಯಾಕೆಯ ತವರು ಮೈಸೂರು. ಮದುವೆಯಲ್ಲಿ ಬಂದ ಪಟ್ಟದ ಗೊಂಬೆಗಳು, ಆಮೇಲೆ ಸೇರಿಸುತ್ತಾ ಬಂದವು. ಫ್ಲ್ಯಾಟಿನಲ್ಲಿ ಏಳು ಮೆಟ್ಟಿಲು ಇಡಲು ಜಾಗವಿಲ್ಲದೆ ಮೂರಕ್ಕೆ ಇಳಿಸಿದ್ದರಂತೆ. ಅವರ ಎರಡು ಪುಟದ ಪಟ್ಟಿಯಲ್ಲಿ ಗೊಂಬೆ ಇರಲಿಲ್ಲ. ಏಳು ದಿನದ ಎಕ್ಸೆಲ್‌ನಲ್ಲಿ ಇರಲು ಸಾಧ್ಯವೇ ಇಲ್ಲ, ಅದು ಜೂನ್ ತಿಂಗಳು. ಯಾಕೆ ಬರೀಲಿಲ್ಲ ಅಂತ ಕೇಳಿದರೆ, “ಒಂಬತ್ತು ದಿನಕ್ಕೆ ಯಾಕೆ ಸಾರ್ ಒಂದು ಗೋಡೆ,” ಅಂದರು. ಹಾಲಿನ ದಕ್ಷಿಣದ ಗೋಡೆಯಲ್ಲಿ ಬಾಗಿಲು, ಕಿಟಕಿ, ಸ್ವಿಚ್ಚು ಏನೂ ಬಾರದ ಹಾಗೆ ಏಳಡಿ ಖಾಲಿ ಬಿಟ್ಟೆ. ಟಿವಿ ಅಲ್ಲಿಗೇ ಬರಬೇಕು ಅಂತ ಯಜಮಾನರು ಪಟ್ಟು ಹಿಡಿದರು. ಮೊದಲ ಬಾರಿಗೆ ಮನೆಯಾಕೆ ಸ್ವರ ಏರಿಸಿದ್ದು ಆಗ. ಟಿವಿ ಪಕ್ಕದ ಗೋಡೆಗೆ ಹೋಯಿತು.

ನನ್ನ ತಪ್ಪು

ನವೆಂಬರಿನಲ್ಲಿ ಗುದ್ದಲಿ ಪೂಜೆ ಆಯಿತು. ಅಜ್ಜಿಯ ಮೂರನೇ ಸಾಲು, ‘ಮೆಟ್ಲು ಹತ್ತಿಸ್ಬೇಡಿ’, ನನ್ನನ್ನು ಎಡವಿಸಿತು.

ಮನೆಯ ತಳ ರಸ್ತೆಗಿಂತ ಎತ್ತರ ಇರಬೇಕು. ಡಾಂಬರು ಹಾಕಿದಾಗಲೆಲ್ಲ ರಸ್ತೆ ಒಂದಿಷ್ಟು ಏರುತ್ತದೆ, ಮನೆ ಏರುವುದಿಲ್ಲ. ನಾನು ಯಾವಾಗಲೂ ಎರಡಡಿ ಇಡುವವನು. ಆದರೆ ಇಳಿಜಾರು ದಾರಿಗೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಎರಡಡಿಗೆ ಇಪ್ಪತ್ತನಾಲ್ಕು. ಅಷ್ಟು ದಾರಿ ಎಲ್ಲಿಂದ ತರಲಿ? ಸೈಟು ರಸ್ತೆಗಿಂತ ಸ್ವಲ್ಪ ಎತ್ತರದಲ್ಲೇ ಇದ್ದುದರಿಂದ ತಳವನ್ನು 18 ಇಂಚಿಗೆ ಇಳಿಸಿದೆ. ಗೇಟಿನಿಂದ ಕಾರು ನಿಲ್ಲುವ ನೆಲವೇ ಹದಿನಾರಡಿಯಲ್ಲಿ 10 ಇಂಚು ಏರುತ್ತದೆ. ಮಿಕ್ಕ 8 ಇಂಚಿಗೆ, ಕಾರಿಗೂ ಅಜ್ಜಿಯ ಕೋಣೆಗೂ ನಡುವಿನ ಮೂರಡಿ ಜಗಲಿಯಲ್ಲಿ ಎಂಟಡಿಯ ಇಳಿಜಾರು. ಒಂದೂ ಮೆಟ್ಟಿಲಿಲ್ಲದೆ ಗೇಟಿನಿಂದ ಮಂಚದವರೆಗೆ. ಬಹಳ ಹೆಮ್ಮೆಪಟ್ಟೆ.

ಕಾಂಪೌಂಡು ಐದಡಿ ಅಂತ ನಕ್ಷೆಯಲ್ಲಿತ್ತು. ಯಜಮಾನರಿಗೆ ಕಳ್ಳಕಾಕರ ಭಯ. ಅದೂ ಎದ್ದಿತು. ಕಿಟಕಿಯ ಚೌಕಟ್ಟು ಕೂರಿಸಿದ ಮೇಲೆ ಒಂದು ಭಾನುವಾರ ಅಜ್ಜಿಯನ್ನು ಕರೆತಂದರು. ಸಿಮೆಂಟಿನ ಧೂಳಿನ ಮಧ್ಯೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಅಜ್ಜಿ ಕಿಟಕಿಯಾಚೆ ನೋಡಿದರು. ನಾನು ಅವರ ಮುಖ ನೋಡಿದೆ.

“ಬೀದಿ ಎಲ್ಲಿ?” ಅಂದರು.

ಬಗ್ಗಿ ಅವರ ಕಣ್ಣಿನ ಎತ್ತರದಿಂದ ನೋಡಿದೆ. ಗೋಡೆ. ಅದರ ಮೇಲೆ ಆಕಾಶ. ಸ್ಕೂಟರಿನಲ್ಲಿ ಹೋದವನ ಹೆಲ್ಮೆಟ್ಟು ಕಾಣಲಿಲ್ಲ, ಸದ್ದು ಮಾತ್ರ ಬಂತು. ಕೂತ ಅಜ್ಜಿಯ ಕಣ್ಣು ನೆಲದಿಂದ 43 ಇಂಚು, ಅದಕ್ಕೆ ತಳದ 18 ಸೇರಿಸಿದರೆ ರಸ್ತೆಯಿಂದ 61. ಕಾಂಪೌಂಡು 60. ಕಣ್ಣಿಗೂ ಗೋಡೆಯ ಅಂಚಿಗೂ ಒಂದೇ ಇಂಚು. ಮೂರನೇ ಸಾಲಿಗಾಗಿ ತಳ ಇಳಿಸುವಾಗ ಮೊದಲನೇ ಸಾಲನ್ನು ನಾನೇ ಮುಚ್ಚಿಬಿಟ್ಟಿದ್ದೆ. ಕಿಟಕಿಯ ಎತ್ತರ ಮೂರು ಸಲ ನೋಡಿದವನು ಅದರ ಎದುರಿನ ಗೋಡೆಯನ್ನು ನೋಡಿರಲಿಲ್ಲ. ನಕ್ಷೆಯಲ್ಲಿ ಕಾಂಪೌಂಡು ಬರೀ ಒಂದು ಗೆರೆ ತಾನೆ.

ಅಲ್ಲೇ ಕೂತು ಲೆಕ್ಕ ಹಾಕಿದೆ. ಕಿಟಕಿಯ ಎದುರಿನ ಹತ್ತಡಿಯಷ್ಟು ಉದ್ದಕ್ಕೆ ಗೋಡೆಯನ್ನು 33 ಇಂಚಿಗೆ ಇಳಿಸಿದರೆ, ಗೋಡೆಯಾಚೆ ಎಂಟಡಿಯಿಂದ ರಸ್ತೆಯ ನೆಲವೇ ಕಾಣುತ್ತದೆ. ಸೊಪ್ಪಿನವಳ ತಲೆಯಷ್ಟೇ ಅಲ್ಲ, ಬುಟ್ಟಿಯಲ್ಲಿ ಏನಿದೆ ಅನ್ನುವುದೂ. ಮೂರು ವರಸೆ ಬ್ಲಾಕು ತೆಗೆಸಿ, ಮೇಲೆ ಐದಡಿಯವರೆಗೆ ಕಬ್ಬಿಣದ ಜಾಲರಿ. ಯಜಮಾನರು ಒಪ್ಪಲು ವಾರ ಹಿಡಿಯಿತು. ಒಡೆದ ಖರ್ಚು ನಾನು ಹಾಕಿಕೊಂಡೆ. ಜಾಲರಿಯ ಖರ್ಚು ಅವರದು. ಈಗ ಯಾವ ಮನೆಯ ನಕ್ಷೆಯಲ್ಲೂ ಕಿಟಕಿಯಿಂದ ರಸ್ತೆಯವರೆಗೆ, ಕತ್ತರಿಸಿ ಪಕ್ಕದಿಂದ ನೋಡಿದ ಹಾಗೆ, ಒಂದು ಉದ್ದ ಸೀಳುನೋಟ ಬರೆದು, ಕೂತವರ ಕಣ್ಣು ಗುರುತು ಹಾಕುತ್ತೇನೆ.

2025ರ ಕಾರ್ತಿಕದಲ್ಲಿ ಗೃಹಪ್ರವೇಶ. ಖರ್ಚು ಮೂವತ್ತೈದರೊಳಗೆ ನಿಲ್ಲಲಿಲ್ಲ, ಜಾಲರಿ, ಗಟ್ಟಿ ಬ್ಲಾಕು, ಎರಡು ಭಾಗದ ಸಂಪು ಎಲ್ಲ ಸೇರಿ ಒಂದೂವರೆ ಲಕ್ಷ ಮೇಲೆ ಹೋಯಿತು. ತೇಗದ ಬಾಗಿಲು ಮುಂಬಾಗಿಲಿಗೆ ಮಾತ್ರ ಬಂತು. ಬಂದ ನೆಂಟರಲ್ಲಿ ಮೂವರು, ಡಬಲ್ ಹೈಟ್ ಮಾಡಿಸ್ಬಹುದಿತ್ತಲ್ಲ ಅಂತ ಯಜಮಾನರನ್ನು ಕೇಳಿದರಂತೆ. ಏನು ಉತ್ತರ ಕೊಟ್ಟರು ಅಂತ ನಾನು ಕೇಳಲಿಲ್ಲ.

ಎರಡು ತಿಂಗಳ ಮೇಲೆ, ಸಂಪಿನ ಎರಡನೇ ಭಾಗದ ವಾಲ್ವು ಜಿನುಗುತ್ತಿದೆ ಅಂತ ಫೋನು ಬಂದು ಹೋಗಿದ್ದೆ. ಸಂಜೆ ನಾಲ್ಕು. ಬಿದಿರಿನ ಪರದೆ ಅರ್ಧ ಇಳಿದಿತ್ತು, ಅದರ ಕೆಳಗಿನಿಂದ ಅಜ್ಜಿ ಬೀದಿ ನೋಡುತ್ತಿದ್ದರು. ಮಂಚದ ಇನ್ನೊಂದು ತುದಿಯಲ್ಲಿ ಮಗಳು ಕಾಲು ಮಡಿಸಿ, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ ಮೀಟಿಂಗಿನಲ್ಲಿದ್ದಳು. 130 ಚದರ ಅಡಿಯ ಅವಳ ಕೋಣೆ ಮೇಲಿತ್ತು, ಮೇಜಿನೆತ್ತರದ ಆರು ಪ್ಲಗ್ ಪಾಯಿಂಟಿನ ಸಮೇತ.

“ಮೇಲೆ ಕೂರೋದಿಲ್ವಾ?” ಅಂತ ಮನೆಯಾಕೆಯನ್ನು ಮೆಲ್ಲಗೆ ಕೇಳಿದೆ.

“ಅಲ್ಲಿ ಬೋರಾಗುತ್ತಂತೆ. ಇಸ್ತ್ರಿ ಬಟ್ಟೆ ಇಟ್ಟಿದೀವಿ,” ಅಂದರು.

ವಾಲ್ವು ನೋಡಿಕೊಂಡು ಹೊರಡುವ ಹೊತ್ತಿಗೆ ಗ್ಯಾಸಿನ ಹುಡುಗ ಬಂದ. ಸಿಲಿಂಡರನ್ನು ಭುಜಕ್ಕೆ ಏರಿಸದೆ, ಅಂಚಿನ ಮೇಲೆ ಓರೆ ಮಾಡಿ, ಗೇಟಿನಿಂದ ಜಗಲಿಯ ಇಳಿಜಾರಿನ ಮೇಲೆ ಉರುಳಿಸಿಕೊಂಡು ಒಳಗೆ ಹೋದ. ಆ ಬಡಾವಣೆಯಲ್ಲಿ ಅವನು ಮೊದಲು ಬರುವುದು ಇದೇ ಮನೆಗಂತೆ.